ಅದಿರು ಲಾರಿಗಳ ರಸ್ತೆಗೆ ಪಾಲಿಮರ್ ಡಾಂಬರು ಬೇಕೇ?

ಚಿತ್ರದುರ್ಗದ ಸುತ್ತ ಅದಿರು ಲಾರಿಗಳು ಓಡಾಡುವ ರಸ್ತೆಗೆ ಪಾಲಿಮರ್ ಬೆರೆಸಿದ ಡಾಂಬರು ಬೇಕೇ ಎಂದು ಕೇಳಿದ್ದೀರಿ. ಮೇಲ್ಪದರಕ್ಕೆ ಖಂಡಿತ ಬೇಕು ಎಂಬುದು ನನ್ನ ಅಭಿಪ್ರಾಯ. ಏಪ್ರಿಲ್ ಬಿಸಿಲಿಗೆ ರಸ್ತೆಯ ಮೈ 60 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಸಾದಾ ಡಾಂಬರು ಮೆತ್ತಗಾಗಿ, ಏರಿನಲ್ಲಿ ನಿಧಾನವಾಗಿ ಹತ್ತುವ ಅಥವಾ ಟೋಲ್ ಗೇಟಿನಲ್ಲಿ ಸಾಲುಗಟ್ಟುವ ಲಾರಿಗಳ ಭಾರಕ್ಕೆ ಚಕ್ರದ ಜಾಡು ತಗ್ಗಾಗುತ್ತದೆ. ಸಾಮಾನ್ಯವಾಗಿ ಡಾಂಬರಿನ ತೂಕದ ಶೇ. 3ರಿಂದ 5ರಷ್ಟು ಸೇರಿಸುವ ಎಸ್‌ಬಿಎಸ್ ಎಂಬ ರಬ್ಬರಿನ ಗುಣದ ಪಾಲಿಮರ್ ಅದರೊಳಗೆ ಬಲೆಯಂತೆ ಹರಡಿಕೊಂಡು, ಬಿಸಿಲಲ್ಲೂ ಬಿಗಿ ಉಳಿಸಿ, ಭಾರ ಸರಿದ ಮೇಲೆ ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಮರಳಿಸುತ್ತದೆ. ಪ್ರಯೋಗಾಲಯದಲ್ಲಿ 10 ಸೆಂಟಿಮೀಟರ್ ಎಳೆದ ಪಾಲಿಮರ್ ಡಾಂಬರಿನ ಎಳೆಯನ್ನು ನಡುವೆ ಕತ್ತರಿಸಿ ಒಂದು ಗಂಟೆ ಬಿಟ್ಟರೆ ತುಂಡುಗಳು ಹಿಂದಕ್ಕೆ ಕುಗ್ಗುವುದು ಕಣ್ಣಿಗೇ ಕಾಣುತ್ತದೆ. ಇಂಥ ಡಾಂಬರಿಗಿರುವ ಭಾರತೀಯ ಮಾನದಂಡ ಐಎಸ್ 15462ರಲ್ಲಿ ಈ ಪರೀಕ್ಷೆಯೂ ಇದೆ.

ಕೆಲಸ ಕೆಡುವುದು ಹೆಚ್ಚಾಗಿ ಬಿಸಿಯ ವಿಷಯದಲ್ಲಿ. ಪಾಲಿಮರ್ ಡಾಂಬರು ಮಂದವಾದ್ದರಿಂದ ಸಾದಾ ಡಾಂಬರಿಗಿಂತ ಹೆಚ್ಚು ಕಾಯಿಸಿ ಜಲ್ಲಿಗೆ ಬೆರೆಸಬೇಕು, ತಣಿಯುವ ಮುನ್ನವೇ ರೋಲರ್ ಮುಗಿಸಬೇಕು. ಟ್ಯಾಂಕಿನಲ್ಲಿ ಕಲಕದೆ ಬಿಟ್ಟರೆ ಪಾಲಿಮರ್ ಬೇರ್ಪಡಬಹುದು. ವಾಹನ ಕಡಿಮೆಯಿರುವ ಹಳ್ಳಿ ರಸ್ತೆಗೆ ವಿಜಿ-30 ದರ್ಜೆಯ ಸಾದಾ ಡಾಂಬರು ಸಾಕು. ದಾವಣಗೆರೆ ಕಡೆಯ ಎರೆಮಣ್ಣಿನಲ್ಲಿ ಬುನಾದಿ, ಚರಂಡಿ ಸರಿಯಿಲ್ಲದಿದ್ದರೆ ಪಾಲಿಮರ್‌ಗೆ ಹಾಕುವ ಹಣವನ್ನು ಮೊದಲು ಅಲ್ಲಿಗೆ ಹಾಕುವುದು ಲೇಸು.