ಆರ್‌ಇ0 ವಾಚ್‌ಡಾಗ್ ಟೈಮ್‌ಔಟ್: ಮೊದಲು ಆ ಕ್ರಾನ್ ಸಾಲನ್ನು ಅಳಿಸಿ

ಫ್ರೀಬಿಎಸ್‌ಡಿ (ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಂ) ಸರ್ವರ್‌ನಲ್ಲಿ "ಆರ್‌ಇ0: ವಾಚ್‌ಡಾಗ್ ಟೈಮ್‌ಔಟ್" ಬರುತ್ತಿದೆ (ಆರ್‌ಇ0 ಎಂದರೆ ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡ್), ಅದಕ್ಕೆ ಪಿಂಗ್ ನಿಂತಾಗಲೆಲ್ಲ ಕಾರ್ಡನ್ನು ಡೌನ್ ಮಾಡಿ ಅಪ್ ಮಾಡುವ ಕ್ರಾನ್ (ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ) ಹಾಕಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಈಗಲೇ ತೆಗೆಯಿರಿ. ನಾನೂ ಇದೇ ಉಪಾಯವನ್ನು ನಂಬಿದ್ದೆ. ಹಗಲು ಎಲ್ಲವೂ ಸರಿಯಿತ್ತು. ರಾತ್ರಿ ಬ್ಯಾಕಪ್ ಯಂತ್ರಕ್ಕೆ ದತ್ತಾಂಶ ಕಳುಹಿಸುವ ಜೆಡ್‌ಎಫ್‌ಎಸ್ ಸೆಂಡ್ ಮಾತ್ರ, ಕಾರ್ಡ್ ಡೌನ್ ಆಗಿ ಪ್ರತಿಸಲ ನಡುವೆ ಕಡಿದು, ಬ್ಯಾಕಪ್ ಹಳೆಯ ಸ್ನ್ಯಾಪ್‌ಶಾಟ್‌ನಲ್ಲೇ ನಿಂತುಬಿಟ್ಟಿತ್ತು. ಡಿಸ್ಕ್ ಕೈಕೊಟ್ಟಾಗಲೇ ಅದು ಗೊತ್ತಾದದ್ದು.

ಆ ಸಂದೇಶದ ಅರ್ಥ ಇಷ್ಟೆ: ಡ್ರೈವರ್ ಕಳುಹಿಸಲು ಕೊಟ್ಟ ಪ್ಯಾಕೆಟ್ ಹೋಯಿತೆಂದು ಚಿಪ್ 5 ಸೆಕೆಂಡಾದರೂ ಹೇಳಲಿಲ್ಲ. ರಿಯಲ್‌ಟೆಕ್ 8168, 8125 ಚಿಪ್‌ಗಳಲ್ಲಿ ಒಂದೇ ಹೆಸರಿನಡಿ ಹಲವು ಪರಿಷ್ಕರಣೆಗಳಿವೆ. ಕರ್ನೆಲ್‌ನಲ್ಲೇ (ಸಿಸ್ಟಂನ ತಿರುಳು) ಇರುವ ಡ್ರೈವರ್ ಎಲ್ಲವನ್ನೂ ಒಂದೇ ರೀತಿ ನಿಭಾಯಿಸುವುದಿಲ್ಲ. ಪೋರ್ಟ್ಸ್‌ನಲ್ಲಿರುವ (ಫ್ರೀಬಿಎಸ್‌ಡಿಯ ತಂತ್ರಾಂಶ ಸಂಗ್ರಹ) ರಿಯಲ್‌ಟೆಕ್-ಆರ್‌ಇ-ಕೆಮಾಡ್ ಎಂಬ ಡ್ರೈವರ್ ಹಾಕಿ. ನನಗೆ ಫಲ ಕೊಟ್ಟದ್ದು ಅದೇ.

ಆದರೆ ಹಾಕುವ ಜಾಗದಲ್ಲೇ ಬಹಳ ಜನ ಎಡವುತ್ತಾರೆ. ಕರ್ನೆಲ್ ಎದ್ದ ಮೇಲೆ ಓದುವ ಆರ್‌ಸಿ ಡಾಟ್ ಕಾನ್ಫ್‌ನ ಕೆಎಲ್‌ಡಿ (ಕರ್ನೆಲ್ ಮಾಡ್ಯೂಲ್) ಪಟ್ಟಿಗೆ ಸೇರಿಸಿದರೆ ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಜೆನೆರಿಕ್ ಎಂಬ ಮೂಲ ಕರ್ನೆಲ್‌ನೊಳಗಿನ ಹಳೆಯ ಡ್ರೈವರ್ ಕಾರ್ಡನ್ನು ಹಿಡಿದಾಗಿರುತ್ತದೆ. ಕರ್ನೆಲ್ ಏಳುವ ಮೊದಲೇ ಓದುವ ಲೋಡರ್ ಡಾಟ್ ಕಾನ್ಫ್‌ನಲ್ಲೇ ಬರೆಯಬೇಕು, ಅದೂ ಎರಡು ಸಾಲು: ಒಂದು ಲೋಡ್ ಮಾಡು ಎನ್ನುವುದು, ಇನ್ನೊಂದು ಬೂಟ್ ಅಡಿಯ ಮಾಡ್ಯೂಲ್ಸ್ ಕೋಶದಲ್ಲಿರುವ ಕಡತದ ಪೂರ್ಣ ದಾರಿ. ಎರಡನೆಯದನ್ನು ಬಿಟ್ಟರೆ ಕರ್ನೆಲ್ ಕೋಶದ ಹಳೆಯದೇ ಬರುತ್ತದೆ, ನೀವು "ಹೊಸ ಡ್ರೈವರೂ ಆಗಲಿಲ್ಲ" ಎಂದು ಇಲ್ಲಿ ಬಂದು ಬರೆಯುತ್ತೀರಿ. ರೀಬೂಟ್ ಆದಮೇಲೆ ಡಿಮೆಸೇಜ್‌ನಲ್ಲಿ (ಕರ್ನೆಲ್ ಸಂದೇಶಗಳನ್ನು ತೋರಿಸುವ ಆಜ್ಞೆ) ಆರ್‌ಇ0 ಮುಂದೆ "ವರ್ಷನ್" ಎಂಬ ಸಾಲು ಕಂಡರೆ ಮಾತ್ರ ಗೆದ್ದಂತೆ.

ದೊಡ್ಡ ಅಪ್‌ಗ್ರೇಡ್ ಮಾಡಿದಾಗ, ಉದಾಹರಣೆಗೆ 13ರಿಂದ 14ಕ್ಕೆ, ಕೆಮಾಡನ್ನು ಮತ್ತೆ ಹಾಕಲೇಬೇಕು. ಆ ದಿನ ಮಾನಿಟರ್, ಕೀಬೋರ್ಡ್ ಪಕ್ಕದಲ್ಲಿರಲಿ. ದೂರದ ಯಂತ್ರವಾದರೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ನಂಬಿ ಹೊರಡಬೇಡಿ.

ಇಷ್ಟಕ್ಕೂ ಮೊದಲು ನೆಟ್‌ಸ್ಟ್ಯಾಟ್‌ನಲ್ಲಿ (ನೆಟ್‌ವರ್ಕ್ ಅಂಕಿ ತೋರಿಸುವ ಆಜ್ಞೆ) ಇನ್‌ಪುಟ್ ಎರರ್ ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಕೇಬಲ್ ಬದಲಿಸಿ. 1000 ಎಂಬಿಪಿಎಸ್ ಲಿಂಕ್ 100ಕ್ಕೆ ಇಳಿದಿದ್ದರೂ ಅದೇ ಅನುಮಾನ: ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಸಾಕು. ಟಿಎಸ್‌ಒ, ಚೆಕ್‌ಸಮ್ ಆಫ್‌ಲೋಡ್‌ಗಳನ್ನು (ಸಿಪಿಯು ಬದಲು ಕಾರ್ಡೇ ಮಾಡುವ ಪ್ಯಾಕೆಟ್ ಕೆಲಸಗಳು) ಆಫ್ ಮಾಡಿ ನೋಡುವುದೂ ಸರಿಯೇ, ಆದರೆ ಒಂದು ಸಲಕ್ಕೆ ಒಂದನ್ನೇ. ಮೇಲೆ ಇನ್ನೊಬ್ಬರು ವೇಗವನ್ನು 100 ಫುಲ್ ಡುಪ್ಲೆಕ್ಸ್‌ಗೆ (ಎರಡೂ ಕಡೆ ಏಕಕಾಲಕ್ಕೆ ಸಾಗುವ ರೀತಿ) ಬಿಗಿದುಬಿಡಿ ಎಂದಿದ್ದಾರೆ. ಖಂಡಿತ ಬೇಡ. ಸ್ವಿಚ್ ಆಟೋದಲ್ಲಿದ್ದರೆ ಅದು ಹಾಫ್ ಡುಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ಕಡೆ) ಹೋಗುತ್ತದೆ, ಇಲ್ಲದ ಕೊಲಿಷನ್‌ಗಳನ್ನು (ಪ್ಯಾಕೆಟ್ ಡಿಕ್ಕಿ) ನೀವೇ ಹುಟ್ಟಿಸಿದಂತಾಗುತ್ತದೆ.

ಖಾಲಿ ಸ್ಲಾಟ್ ಇದ್ದರೆ ನನ್ನ ಮತ ಇಂಟೆಲ್ ಐ210 ಅಥವಾ ಐ350 ನೆಟ್‌ವರ್ಕ್ ಕಾರ್ಡ್‌ಗೆ. ಐ350 ಹೆಸರಿನ ನಕಲಿಗಳು ಮಾರುಕಟ್ಟೆಯಲ್ಲಿವೆ, ತೀರಾ ಅಗ್ಗವಾಗಿದ್ದರೆ ಮುಟ್ಟಬೇಡಿ. ಇಂಟೆಲ್ ಎಂದಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ; ಐ225ರ ಮೊದಲ ತಯಾರಿಕೆಗಳಲ್ಲೂ ದೋಷವಿತ್ತು. ಸ್ಟೋರೇಜ್ ಸರ್ವರ್‌ಗೆ ಯುಎಸ್‌ಬಿ ಅಡಾಪ್ಟರ್ ಹಾಕುವ ಯೋಚನೆಯನ್ನಂತೂ ಬಿಡಿ.

ಮಲೆನಾಡು, ಕರಾವಳಿಯವರು ಇನ್ನೊಂದು ಗಮನಿಸಿ: ಸಿಡಿಲು ಬಡಿದ ಮೇಲೆ ಪೋರ್ಟ್ ಪೂರ್ತಿ ಸಾಯದೆ ಅರೆಜೀವವಾಗಿ ಉಳಿಯುವುದುಂಟು. ಆಗ ಯಾವ ಡ್ರೈವರೂ ಸಹಾಯಕ್ಕೆ ಬರುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿ ಎಳೆದಿದ್ದರೆ ಅದನ್ನು ತೆಗೆದು ಫೈಬರ್ ಹಾಕಿಸಿ.

ಪಿಸಿಐಕಾನ್ಫ್ (ಕಾರ್ಡ್‌ಗಳ ಪಟ್ಟಿ ಕೊಡುವ ಆಜ್ಞೆ) ಮತ್ತು ಡಿಮೆಸೇಜ್‌ನಲ್ಲಿ ಆರ್‌ಇ0 ಇರುವ ಸಾಲುಗಳನ್ನು ಇಲ್ಲಿ ಹಾಕಿ, ಚಿಪ್‌ನ ಪರಿಷ್ಕರಣೆ ಯಾವುದೆಂದು ನೋಡಿ ಹೇಳುತ್ತೇನೆ.