ನಾನೇನು ಟಾರ್ಗೆಟ್ ಮಿಸ್ ಮಾಡಿದ್ನಾ?

ಆಕೆ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದು ಕೂರುವ ಮೊದಲೇ ಫೋನ್ ತೆಗೆದು ಮೇಜಿನ ಮೇಲಿಟ್ಟರು. ವಾಟ್ಸಾಪ್ ತೆರೆದೇ ಇತ್ತು. "ಓದಿ ಮೇಡಂ" ಎಂದರು. ಗಂಡ ಪಕ್ಕದ ಕುರ್ಚಿಯಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು.

ಓದಿದೆ. ಎಲ್ಲ ಗಂಡ ಕಳಿಸಿದ್ದ ಮೆಸೇಜು. ಬಿ ಸ್ಟ್ರಾಂಗ್. ಡೋಂಟ್ ವರಿ. ಡೋಂಟ್ ಓವರ್‌ಥಿಂಕ್. ಯು ಆರ್ ಎ ಫೈಟರ್. ಚಿಯರ್ ಅಪ್ ಬೇಬಿ. ನೆಕ್ಸ್ಟ್ ಟೈಮ್ ಪಕ್ಕಾ. ಕೊನೆಯದರ ಪಕ್ಕದಲ್ಲಿ ತೋಳು ಮಡಚಿ ತೋರಿಸುವ ಆ ಹಳದಿ ಚಿತ್ರ ಬೇರೆ. ಆಕೆಗೆ ಮೂರು ವಾರದ ಹಿಂದೆ ಗರ್ಭಪಾತವಾಗಿತ್ತು ಅಂತ ಫೋನಿನಲ್ಲೇ ಹೇಳಿದ್ದರು. ಆ 'ಬೇಬಿ' ನೋಡಿ ನನಗೇ ಎದೆ ಧಸಕ್ ಎಂದಿತು.

"ನಾನೇನು ಟಾರ್ಗೆಟ್ ಮಿಸ್ ಮಾಡಿದ್ನಾ ಮೇಡಂ?" ಎಂದು ಆಕೆ ಕೇಳಿದರು. ಅಷ್ಟೇ. ಆಮೇಲೆ ಇಪ್ಪತ್ತು ನಿಮಿಷ ಬಾಯಿ ಬಿಡಲಿಲ್ಲ.

ಇಬ್ಬರ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಊರು, ಕೆಲಸ, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಮಾತ್ರ ಇಟ್ಟಿಲ್ಲ. ಸುಳ್ಳು ಹೆಸರಿಟ್ಟರೆ ಯಾಕೋ ಕಥೆ ಥರ ಆಗಿಬಿಡುತ್ತೆ.

ಆಕೆಗೆ 28, ಗಂಡನಿಗೆ 32. ಮೈಸೂರಿನಲ್ಲಿ ಬಾಡಿಗೆ ಮನೆ. ಆಕೆ ಗಾರ್ಮೆಂಟ್ಸ್ ಕಂಪನಿಯೊಂದರ ಅಕೌಂಟ್ಸ್‌ನಲ್ಲಿದ್ದಾರೆ. ಗಂಡ ಮೆಡಿಕಲ್ ರೆಪ್ ಆಗಿ ಸೇರಿದವರು, ಈಗ ಆರು ಹುಡುಗರ ಮೇಲೆ ಏರಿಯಾ ಮ್ಯಾನೇಜರ್. ಹಾಸನ, ಮಂಡ್ಯ, ಚಾಮರಾಜನಗರ ಅಂತ ವಾರವೆಲ್ಲ ಓಡಾಟ. ಟೀಮಿಗೊಂದು ವಾಟ್ಸಾಪ್ ಗ್ರೂಪ್ ಇದೆ. ಬೆಳಿಗ್ಗೆ ಏಳಕ್ಕೆ "ಗುಡ್ ಮಾರ್ನಿಂಗ್ ಟೈಗರ್ಸ್" ಹೋಗಲೇಬೇಕು. ತಿಂಗಳ ಕೊನೆಗೆ ಟಾರ್ಗೆಟ್ ತಲುಪದ ಹುಡುಗನಿಗೆ "ಡೋಂಟ್ ವರಿ, ನೆಕ್ಸ್ಟ್ ಟೈಮ್ ಪಕ್ಕಾ" ಎಂದು ಬರೆಯುತ್ತಾರೆ. ಅದೇ ಮಾತು, ಅದೇ ತೋಳು, ಅದೇ ಬೆಳಿಗ್ಗೆ ಹೆಂಡತಿಗೂ ಹೋಗಿತ್ತು. ಹುಡುಗನಿಗೆ ಹೋದದ್ದನ್ನು ಆಕೆ ಗಂಡನ ಫೋನಿನಲ್ಲೇ ನೋಡಿದ್ದರು. ಅವತ್ತಿಂದ ಮಾತು ಬಿಟ್ಟಿದ್ದರು.

"ಒಳ್ಳೇದಕ್ಕೇ ತಾನೆ ಮೇಡಂ ನಾನು ಹೇಳಿದ್ದು? ಹುಡುಗರು ನನ್ನ ಮಾತು ಕೇಳಿದ್ರೆ ಎದ್ದು ಕೂತ್ಕೊಳ್ತಾರೆ" ಎಂದರು ಗಂಡ. ಸುಳ್ಳೇನಲ್ಲ. ಹುಡುಗರಿಗೆ ಅದು ಸಾಕು.

ಇಂಗ್ಲಿಷನ್ನು ಬೈಯುವುದು ನನ್ನ ಕೆಲಸವಲ್ಲ. ಪರೀಕ್ಷೆಗೆ ಹೊರಟ ನನ್ನ ಮಗನಿಗೆ ನಾನೂ 'ಆಲ್ ದ ಬೆಸ್ಟ್' ಅಂತೀನಿ. 'ಶುಭವಾಗಲಿ' ಅಂದರೆ ಮದುವೆ ಕಾಗದ ಓದಿದ ಹಾಗಾಗುತ್ತೆ. ಬಸ್ ಹತ್ತುವವರಿಗೆ ನಮ್ಮಜ್ಜಿ 'ಹುಷಾರು' ಅಂತಿದ್ದರು, ನಾವು 'ಟೇಕ್ ಕೇರ್' ಅಂತೀವಿ. ಎರಡರದ್ದೂ ಒಂದೇ ತೂಕ. ಹಾಗಾಗಿ ಮೊದಲ ದಿನ ತೀರ್ಪು ಕೊಡುವ ಗೋಜಿಗೆ ಹೋಗಲಿಲ್ಲ. ಒಂದು ಕೆಲಸ ಮಾತ್ರ ಕೊಟ್ಟೆ. ಈ ಮೂರು ವಾರದಲ್ಲಿ ಯಾರ್ಯಾರು ಏನೇನು ಸಮಾಧಾನ ಹೇಳಿದರು, ಎಲ್ಲ ಬರೆದುಕೊಂಡು ಬನ್ನಿ. ಕೇಳಿ ಹಗುರ ಆಯಿತು ಅನಿಸಿದ್ದರ ಕೆಳಗೆ ಗೆರೆ ಎಳೆಯಿರಿ.

ಮುಂದಿನ ವಾರ ಆಕೆ ಎರಡು ಹಾಳೆ ತಂದರು. ಅಚ್ಚಗನ್ನಡದ ಸಮಾಧಾನಗಳೂ ಬೇಕಾದಷ್ಟಿದ್ದವು. "ಆಗಿದ್ದು ಒಳ್ಳೇದಕ್ಕೇ ಅನ್ಕೋ." "ಇನ್ನೂ ವಯಸ್ಸಿದೆ ಬಿಡಿ." "ಸದ್ಯ, ಬೇಗ ಆಯ್ತಲ್ಲ, ತಿಂಗಳು ತುಂಬಿದ್ಮೇಲೆ ಆಗಿದ್ರೆ?" ಇವು ಇಂಗ್ಲಿಷಿಗಿಂತ ಆಳಕ್ಕೆ ಚುಚ್ಚಿದ್ದವು. ಎರಡು ಹಾಳೆಯಲ್ಲಿ ಗೆರೆ ಬಿದ್ದದ್ದು ಎರಡೇ ಕಡೆ.

ಒಂದು, ಟೊರೊಂಟೊದಲ್ಲಿರುವ ಕಾಲೇಜು ಗೆಳತಿಯ ಮೆಸೇಜು. "ಐ ಯಾಮ್ ಸೋ ಸಾರಿ ಕಣೇ. ಏನ್ ಹೇಳ್ಬೇಕೋ ತಿಳೀತಿಲ್ಲ. ನಿದ್ದೆ ಬರದಿದ್ರೆ ಫೋನ್ ಮಾಡು. ನಿಂಗೆ ರಾತ್ರಿ ಎರಡು ಅಂದ್ರೆ ನಂಗೆ ಸಂಜೆ ನಾಲ್ಕೂವರೆ, ಎದ್ದೇ ಇರ್ತೀನಿ." ಆಕೆ ಇದನ್ನು ಜೋರಾಗಿ ಓದಿದಾಗ ಅತ್ತೆ "ಅವಳ್ಯಾಕಮ್ಮ ಸಾರಿ ಕೇಳ್ತಾಳೆ, ಪಾಪ, ಅವಳೇನ್ ಮಾಡಿದ್ಲು?" ಎಂದರಂತೆ. ಅಷ್ಟು ದಿನದಲ್ಲಿ ಆಕೆ ನಕ್ಕಿದ್ದು ಅದೇ ಮೊದಲು.

ಇನ್ನೊಂದು ದೊಡ್ಡಮ್ಮನದು. ಕಡೂರಿನಿಂದ ಬಂದವರು ಚೀಲ ಕೆಳಗಿಟ್ಟು, "ಬಾ ಇಲ್ಲಿ, ಈ ತಲೆ ಎಣ್ಣೆ ಕಂಡು ಎಷ್ಟು ದಿನ ಆಯ್ತು?" ಎಂದು ಹೊಸ್ತಿಲ ಹತ್ತಿರ ಕೂರಿಸಿಕೊಂಡರು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹಚ್ಚಿದರು. ಮೂರು ದಿನ ಇದ್ದರು. ಮಗುವಿನ ಸುದ್ದಿ ಎತ್ತಿದ್ದು ಒಂದೇ ಸಲ, ಅದೂ ಸಿಕ್ಕು ಬಿಡಿಸುತ್ತಾ. "ನಂದೂ ಒಂದು ಹೋಗಿತ್ತು. ನಿಮ್ಮಣ್ಣ ಹುಟ್ಟೋಕೆ ಮುಂಚೆ."

ಒಂದರಲ್ಲಿ ಅರ್ಧ ಇಂಗ್ಲಿಷ್, ಇನ್ನೊಂದರಲ್ಲಿ ಇಂಗ್ಲಿಷಿನ ಸುಳಿವೇ ಇಲ್ಲ. ಆದರೆ ಇಬ್ಬರಲ್ಲಿ ಯಾರೂ ಆಕೆಗೆ ಹೀಗಿರು, ಹಾಗಿರಬೇಡ ಅಂತ ಹೇಳಲಿಲ್ಲ. ತಾವು ಎಲ್ಲಿದ್ದೇವೆ ಅಂತ ಹೇಳಿದರು. ಗಂಡನ 31 ಮೆಸೇಜುಗಳನ್ನು ನಾವು ಮೂವರೂ ಕೂತು ಎಣಿಸಿದೆವು. 22 ಮೆಸೇಜು 'ಬಿ' ಅಥವಾ 'ಡೋಂಟ್' ಅಂತಲೇ ಶುರು. ಎಲ್ಲ ಅಪ್ಪಣೆ. ನಮ್ಮ 'ಅಳಬೇಡ', 'ತಲೆ ಕೆಡಿಸ್ಕೋಬೇಡ' ಕೂಡ ಅದೇ ಜಾತಿಯವು. ಮೊದಲೇ ಸೋತು ಕೂತವರಿಗೆ ಗಟ್ಟಿಯಾಗಿರುವ ಕೆಲಸವನ್ನೂ ಹಚ್ಚಿದ ಹಾಗೆ. ಅದು ಕೈಲಾಗದಿದ್ದರೆ ಅದರಲ್ಲೂ ಫೇಲು.

ಅವತ್ತೇ ಆಕೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕೊಟ್ಟೆ. ಹಿಂದಿನ ಎರಡು ವಾರದ ನಿದ್ದೆ, ಹಸಿವು, ಬೇಸರದ ಬಗ್ಗೆ ಕೇಳುವ ಪಟ್ಟಿ ಅದು. 13 ಬಂತು. 10ರಿಂದ 14 ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಸೊನ್ನೆ ಹಾಕಿದ್ದರು. ಆದರೂ ಬಾಯಿಬಿಟ್ಟು ಕೇಳಿದೆ, ಯಾವಾಗಲೂ ಕೇಳುತ್ತೇನೆ. ಇಲ್ಲ ಎಂದರು. ಎರಡು ವಾರದಲ್ಲಿ ಇಳಿಯದಿದ್ದರೆ ಮನೋವೈದ್ಯರ ಹತ್ತಿರ ಹೋಗೋಣ ಎಂದು ಮಾತಾಯಿತು. ರಾತ್ರಿ ಹೊತ್ತು ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಎಂದು ಬರೆದುಕೊಟ್ಟೆ.

ಮೂರನೇ ಸಲ ಗಂಡನನ್ನು ಒಬ್ಬರನ್ನೇ ಕರೆದೆ.

"ಬಿ ಸ್ಟ್ರಾಂಗ್ ಅನ್ನೋದನ್ನ ನಿಮ್ಮ ಮನೆ ಕನ್ನಡದಲ್ಲಿ ಹೇಳಿ ನೋಡೋಣ" ಎಂದೆ.

"ಧೈರ್ಯವಾಗಿರು..." ಎಂದು ತಾವೇ ತಲೆ ಆಡಿಸಿದರು. "ಸೀರಿಯಲ್ ಥರ ಆಯ್ತು."

"ನಿಮ್ಮನೇಲಿ ಹೇಗಂತಾರೆ?"

ಉತ್ತರವಿಲ್ಲ. ಅವತ್ತೂ ಹೆಲ್ಮೆಟ್ ತೊಡೆಯ ಮೇಲಿತ್ತು. ಪಟ್ಟಿಯ ಲಾಕ್ ಹಾಕುವುದು, ಬಿಚ್ಚುವುದು. ಟಕ್, ಟಕ್. ಎರಡು ಮೂರು ನಿಮಿಷ ಅದೊಂದೇ ಸದ್ದು. ನಾನೂ ಸುಮ್ಮನಿದ್ದೆ. ಆಮೇಲೆ ಮೆಲ್ಲಗೆ, "ನನ್ನಿಂದಾನೇ ಆಗಿದ್ದು ಮೇಡಂ" ಎಂದರು.

ಒಂದು ಭಾನುವಾರ ಇಬ್ಬರೂ ಬೈಕಿನಲ್ಲಿ ನಂಜನಗೂಡಿಗೆ ಹೋಗಿದ್ದರು. ವಾಪಸ್ ಬರುವಾಗ ಬಣ್ಣ ಬಳಿಯದ ಹಂಪ್ ಕಾಣದೆ ಬೈಕ್ ಎಗರಿತು. "ನಿಧಾನ ರೀ" ಎಂದರಂತೆ ಆಕೆ. ಆರನೇ ದಿನ ರಕ್ತ ಕಂಡಿತು. ಸ್ಕ್ಯಾನ್‌ನಲ್ಲಿ ಹೃದಯ ಬಡಿತ ಇರಲಿಲ್ಲ. ಅವತ್ತಿನಿಂದ ಇವರು ಆ ಹಂಪನ್ನು ತಲೆಯಲ್ಲಿ ಹೊತ್ತು ತಿರುಗುತ್ತಿದ್ದರು. 'ಡೋಂಟ್ ಓವರ್‌ಥಿಂಕ್' ಎಂದು ಬರೆದಿದ್ದು ಹೆಂಡತಿಗೆ ಎಷ್ಟೋ, ತಮಗೂ ಅಷ್ಟೇ.

"ಕನ್ನಡದಲ್ಲಿ ಮಾತು ಶುರು ಮಾಡಿದ್ರೆ ಅತ್ತುಬಿಡ್ತೀನಿ ಮೇಡಂ. ಇಂಗ್ಲಿಷ್ ಆದ್ರೆ ಟೈಪ್ ಮಾಡ್ತಾ ಹೋಗಬಹುದು."

ಇದು ಇವರೊಬ್ಬರ ವಿಷಯ ಅಲ್ಲ. 2003ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಟರ್ಕಿ ಮೂಲದವರ ಮೇಲೆ ಒಂದು ಪ್ರಯೋಗ ನಡೆಯಿತು. ಚಿಕ್ಕವರಿದ್ದಾಗ ಮನೆಯಲ್ಲಿ ಗದರಿಸುತ್ತಿದ್ದ ಥರದ ಮಾತುಗಳನ್ನು ಟರ್ಕಿ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಕೇಳಿಸಿ, ಚರ್ಮದ ಮೇಲೆ ಬೆವರಿನಿಂದಾಗುವ ವ್ಯತ್ಯಾಸ ಅಳೆದರು. ತಾಯಿನುಡಿಯ ಗದರಿಕೆಗೆ ಮೈ ಜಾಸ್ತಿ ಸ್ಪಂದಿಸಿತ್ತು. ಆಮೇಲೆ ಕಲಿತ ಭಾಷೆ ಮಳೆಗೆ ಹಾಕುವ ಕೋಟಿನ ಹಾಗೆ. ಹಾಕಿಕೊಂಡವರು ನೆನೆಯುವುದಿಲ್ಲ. ಆದರೆ ಕೋಟು ಹಾಕಿಕೊಂಡು ನಿಂತವರನ್ನು ನೋಡಿದರೆ, ನೆನೆಯುತ್ತಿರುವವರಿಗೆ ಏನನಿಸುತ್ತೆ?

ಹೆಂಡತಿಗೆ ನಾನು ಹೇಳುವುದಿಲ್ಲ, ನೀವೇ ಹೇಳಿ ಎಂದೆ. ಹೇಗೆ ಎಂದರು. ಮೊದಲ ಮಾತು ಮಾತ್ರ ಇಬ್ಬರೂ ಸೇರಿ ಹೊಂದಿಸಿದೆವು: "ನಂಗೊಂದು ಭಯ ಇದೆ ಕಣೆ, ಹೇಳ್ತೀನಿ, ಮಧ್ಯೆ ಏನೂ ಅನ್ಬೇಡ." ಮೆಸೇಜಿನಲ್ಲಿ ಬೇಡ, ಎದುರಿಗೇ ಹೇಳಬೇಕು. ದೀಪ ಆರಿಸಿ ಹೇಳಿದರೂ ಪರವಾಗಿಲ್ಲ, ಎಷ್ಟೋ ಗಂಡಸರಿಗೆ ಅದೇ ಸುಲಭ.

ಎರಡು ರಾತ್ರಿ ಬಿಟ್ಟು ಹೇಳಿದರಂತೆ. ಆಕೆ ಎದ್ದು ಕೂತು ದೀಪ ಹಾಕಿದರಂತೆ. "ಅಯ್ಯೋ, ನಾನು ಪರಂಗಿ ಹಣ್ಣು ತಿಂದಿದ್ದೆ ರೀ" ಎಂದರಂತೆ. ಆಫೀಸಿನಲ್ಲಿ ಯಾರೋ ಡಬ್ಬಿಯಲ್ಲಿ ತಂದಿದ್ದರು, ಎರಡು ಹೋಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದೇ ಹಾಸಿಗೆಯಲ್ಲಿ ಒಬ್ಬರು ಹಂಪ್ ಹೊತ್ತು, ಇನ್ನೊಬ್ಬರು ಪರಂಗಿ ಹೊತ್ತು ಒಂದು ತಿಂಗಳು ಮಲಗಿದ್ದಾರೆ. ನಡುವೆ ಆ 31 ಮೆಸೇಜು.

ಇಂಥ ಭಯಕ್ಕೆ ನನ್ನ ಸಮಾಧಾನ ಸಾಲದು, ಡಾಕ್ಟರ ಬಾಯಿಂದಲೇ ಬರಬೇಕು. ಇಬ್ಬರೂ ಒಟ್ಟಿಗೆ ಹೋಗಿ ಕೇಳಿ, ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಎಂದೆ. ಸ್ತ್ರೀರೋಗ ತಜ್ಞೆ ಹಳೇ ಸ್ಕ್ಯಾನ್ ರಿಪೋರ್ಟ್ ತೆಗೆದು ಒಂದು ಸಾಲು ತೋರಿಸಿದರಂತೆ. ಹತ್ತು ವಾರಕ್ಕೆ ಮಾಡಿದ ಸ್ಕ್ಯಾನ್ ಅದು, ಆದರೆ ಭ್ರೂಣದ ಅಳತೆ ಎಂಟು ವಾರದ್ದು. ಬೆಳವಣಿಗೆ ನಿಂತು ಹೆಚ್ಚುಕಡಿಮೆ ಎರಡು ವಾರ ಆಗಿತ್ತು. ನಂಜನಗೂಡಿಗೆ ಹೋಗಿದ್ದೂ, ಹಣ್ಣು ತಿಂದಿದ್ದೂ ಆಮೇಲೆ. ಗೊತ್ತಾದ ಬಸಿರುಗಳಲ್ಲಿ 100ಕ್ಕೆ 10ರಿಂದ 20 ಹೀಗೆ ಹೋಗುತ್ತವೆ, ಮೊದಲ ಮೂರು ತಿಂಗಳಲ್ಲೇ ಜಾಸ್ತಿ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮಿನ ಲೆಕ್ಕ ತಪ್ಪುವುದು. ಬೈಕಿನ ಕುಲುಕಾಟಕ್ಕೂ ಎರಡು ಹೋಳು ಹಣ್ಣಿಗೂ ಅದನ್ನು ತಪ್ಪಿಸುವ ಶಕ್ತಿಯೂ ಇಲ್ಲ, ತರುವ ಶಕ್ತಿಯೂ ಇಲ್ಲ. ದಿನಾ ಡಾಕ್ಟರ ಕ್ಯಾಬಿನ್ ಹತ್ತಿ ಇಳಿಯುವ ಈ ಮನುಷ್ಯ ಆ ರಿಪೋರ್ಟನ್ನು ಒಂದು ದಿನವೂ ಪೂರ್ತಿ ಓದಿರಲಿಲ್ಲ. ಭಯಕ್ಕೆ ಮಡಚಿಟ್ಟಿದ್ದರು.

ಸಲಹೆ ಅಂತ ಕೊಟ್ಟದ್ದು ಜಾಸ್ತಿ ಏನಿಲ್ಲ. 'ಬಿ', 'ಡೋಂಟ್' ಎರಡು ವಾರ ಪಥ್ಯ, ಕನ್ನಡದ 'ಬೇಡ'ವೂ ಸೇರಿ. 'ಎವೆರಿಥಿಂಗ್ ವಿಲ್ ಬಿ ಫೈನ್' ಬರೆಯಲೇಬೇಕು ಅನಿಸಿದರೆ ಬರೆಯಿರಿ, ಆದರೆ ಅದಕ್ಕೊಂದು ಕೆಲಸದ ಬಾಲ ಕಟ್ಟಿ. ಎಷ್ಟೊತ್ತಿಗೆ ಬರ್ತೀರಿ, ಏನು ತರ್ತೀರಿ, ಯಾವ ಪಾತ್ರೆ ತೊಳೀತೀರಿ. ಗೆಳತಿಯ ಮೆಸೇಜಿನಲ್ಲಿ 'ಸಾರಿ'ಗೆ ಆ 'ಕಣೇ' ಇಲ್ಲದಿದ್ದರೆ, ಆ ನಾಲ್ಕೂವರೆಯ ಲೆಕ್ಕ ಇಲ್ಲದಿದ್ದರೆ, ಅದೂ ಗ್ರೂಪಿಗೆ ಹೋಗುವ ಮೆಸೇಜೇ ಆಗುತ್ತಿತ್ತು. ಆಕೆಗೂ ಒಂದು ಮಾತು ಹೇಳಿದೆ: ಮಾತು ಬಿಡಬೇಡಿ, "ರೀ, ಇದು ಟೀಮಿನ ಮೆಸೇಜು" ಅಂತ ಅಲ್ಲಿಂದಲ್ಲಿಗೇ ಹೇಳಿಬಿಡಿ. ಆಕೆ ಅದನ್ನು ಚೆನ್ನಾಗೇ ಕಲಿತರು. ಗಂಡ ಏನಾದರೂ ಇಂಗ್ಲಿಷಿನಲ್ಲಿ ಧೈರ್ಯ ಹೇಳಿದರೆ ಈಗ "ಎಸ್ ಸರ್" ಎನ್ನುತ್ತಾರೆ.

ರಜೆಯ ವಿಷಯ ನಡುವೆ ತಾನಾಗಿ ಬಂತು. ಆಕೆಯ ಕಂಪನಿಯ ಎಚ್‌ಆರ್ "ಟೇಕ್ ರೆಸ್ಟ್ ಡಿಯರ್, ವಿ ಆರ್ ವಿತ್ ಯು" ಎಂದು ಮೇಲ್ ಹಾಕಿ ನಾಲ್ಕು ದಿನ ರಜೆ ಕೊಟ್ಟಿದ್ದರು, ಅದೂ ಆಕೆಯ ಸಿಎಲ್ (ಸಾಂದರ್ಭಿಕ ರಜೆ) ಕಡಿದು. ಗರ್ಭಪಾತವಾದರೆ ಡಾಕ್ಟರ ಪತ್ರ ತೋರಿಸಿ 6 ವಾರ ಸಂಬಳದ ರಜೆ ಪಡೆಯುವ ಹಕ್ಕು 1961ರ ಹೆರಿಗೆ ಸೌಲಭ್ಯ ಕಾನೂನಿನಿಂದಲೂ ಇದೆ. ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ, ಗೊತ್ತಿರುವವರೂ ಹೇಳುವುದಿಲ್ಲ. ಡಿಯರ್ ಅನ್ನೋಕೆ ದುಡ್ಡು ಬೇಕಾಗಿಲ್ಲ ನೋಡಿ. ಆಕೆ ಪತ್ರ ಕೊಟ್ಟು ಉಳಿದ ದಿನಗಳ ರಜೆ ತೆಗೆದುಕೊಂಡರು, ಕಡೂರಿಗೆ ಹೋಗಿ ಹತ್ತು ದಿನ ಇದ್ದು ಬಂದರು.

ಐದನೇ ಸಲ ಬಂದಾಗ ಅದೇ ಪಟ್ಟಿಯಲ್ಲಿ 6 ಬಂತು. ನಿದ್ದೆ ಬರುತ್ತಿತ್ತು. ಗಂಡ ಪೂರ್ತಿ ಬದಲಾದರು ಅಂದುಕೊಳ್ಳಬೇಡಿ. ಟೈಗರ್ಸ್‌ಗೆ ಈಗಲೂ ಏಳು ಗಂಟೆಗೆ ಗುಡ್ ಮಾರ್ನಿಂಗ್ ಹೋಗುತ್ತೆ. ಹೆಂಡತಿಗೆ ಬಂದ ಒಂದು ಮೆಸೇಜನ್ನು ಆಕೆ ತೋರಿಸಿದರು: "ಟೇಕ್ ಕೇರ್ ಕಣೆ. ಹಾಸನದಲ್ಲಿ ಮಳೆ. ಎಂಟಕ್ಕೆ ಬರ್ತೀನಿ, ಅನ್ನ ನಾನೇ ಇಡ್ತೀನಿ." ಅನ್ನ ಗಂಜಿಯಾಗಿತ್ತಂತೆ, ಅದು ಬೇರೆ ಮಾತು.

ಮೊನ್ನೆ, ನಾಲ್ಕು ತಿಂಗಳಾದ ಮೇಲೆ, ಇಬ್ಬರೂ ಇನ್ನೊಮ್ಮೆ ಬಂದಿದ್ದರು. ಹೆರಿಗೆಗೆ ಅಂತ ಡಾಕ್ಟರು ಆಗ ಕೊಟ್ಟಿದ್ದ ತಾರೀಖು ಮುಂದಿನ ತಿಂಗಳು ಬರುತ್ತೆ. ಆ ದಿನ ಹತ್ತಿರ ಬಂದ ಹಾಗೆ ಆಕೆಗೆ ಮತ್ತೆ ರಾತ್ರಿ ಎಚ್ಚರವಾಗುತ್ತಿದೆ. ಹೀಗಾಗುವುದು ಸಹಜ ಎಂದೆ.

"ಅವತ್ತು ರಜೆ ಹಾಕಿದೀನಿ ಮೇಡಂ" ಎಂದರು ಗಂಡ.

"ಏನು ಮಾಡ್ತೀರಿ?"

ಅವರು ಹೆಂಡತಿಯ ಕಡೆ ನೋಡಿದರು. "ಗೊತ್ತಿಲ್ಲ. ಮನೇಲಿರ್ತೀನಿ."