ದಾರಿ ತಪ್ಪಿದಾಗ ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್‌ನಲ್ಲಿ ಗೆಳೆಯರೊಂದಿಗೆ ಬಲ್ಲಾಳರಾಯನ ದುರ್ಗದಿಂದ ಬಂಡಾಜೆ ಜಲಪಾತದವರೆಗೆ ಚಾರಣ ಹೋಗಲಿದ್ದೀರಿ. ದಾರಿ ತಪ್ಪಿದರೆ ಯಾವುದಾದರೂ ಹಳ್ಳ ಹಿಡಿದು ಇಳಿದರಾಯಿತು, ಊರು ಸಿಕ್ಕೇ ಸಿಗುತ್ತದೆ ಎಂದು ಯಾರೋ ಹೇಳಿದ್ದಾರೆ. ಅದು ನಿಜವೇ?

ಬೇರೆ ಕಡೆ ನಿಜವಿದ್ದೀತು. ನೀವು ಹೋಗುವ ಜಾಗದಲ್ಲಿ ಹಳ್ಳ ಹಿಡಿದು ನಡೆದರೆ ಸಿಗುವುದು ಬಂಡಾಜೆಯ ನೆತ್ತಿ. ಅಲ್ಲಿಂದ ಮುಂದೆ ನೀರು ಸುಮಾರು 200 ಅಡಿ ಕೆಳಕ್ಕೆ ಧುಮುಕುತ್ತದೆ. ಆಮೇಲೆ ಅದು ನೇತ್ರಾವತಿಯನ್ನು ಸೇರಿ ಸುಖವಾಗಿ ಮಂಗಳೂರಿಗೆ ಹೋಗುತ್ತದೆ, ನಿಜ. ಆದರೆ ನೀವು ನೀರಲ್ಲ.

ಘಟ್ಟದ ಆ ಭಾಗ ಹೇಗಿದೆ ಎಂಬುದನ್ನು ಹೊರಡುವ ಮೊದಲೇ ತಲೆಯಲ್ಲಿ ಕೂರಿಸಿಕೊಳ್ಳಿ. ದುರ್ಗದ ಏಣು, ಅಂದರೆ ಗುಡ್ಡದ ನೆತ್ತಿಯ ಉದ್ದನೆಯ ಅಂಚು, ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಅದರ ಮೂಡಣ ಬದಿ ಮೂಡಿಗೆರೆ ಸೀಮೆ. ಕಾಫಿ ತೋಟಗಳು, ತೋಟದ ರಸ್ತೆಗಳು, ಕಾರ್ಮಿಕರ ಲೈನ್ ಮನೆಗಳು. ಪಡುವಣ ಬದಿ ಬೆಳ್ತಂಗಡಿ ಸೀಮೆ. ಅತ್ತ ಕೆಲವೇ ಕಿಲೋಮೀಟರ್ ಅಂತರದಲ್ಲಿ ಸಾವಿರ ಮೀಟರ್‌ಗೂ ಮಿಕ್ಕಿ ನೆಲ ಕುಸಿಯುತ್ತದೆ. ಹೀಗಾಗಿ ಪಡುವಣಕ್ಕೆ ಹರಿಯುವ ಹಳ್ಳಗಳೆಲ್ಲ ಬಂಡೆಯಿಂದ ಬಂಡೆಗೆ ಬೀಳುತ್ತಲೇ ಇಳಿಯುತ್ತವೆ. ಮೊದಲ ಬಂಡೆ ಆಳೆತ್ತರವಿರುತ್ತದೆ. ಕುಳಿತು ಜಾರಿ ಇಳಿಯಬಹುದು. ಆದರೆ ಪಾಚಿಗಟ್ಟಿದ ಆ ಬಂಡೆಯನ್ನು ಮತ್ತೆ ಹತ್ತಲಾಗುವುದಿಲ್ಲ. ಮುಂದಿನದು ಎರಡಾಳೆತ್ತರ ಇದ್ದರೆ ಮುಗಿಯಿತು, ಮೇಲೂ ಹೋಗಲಾರಿರಿ, ಕೆಳಗೂ ಹೋಗಲಾರಿರಿ. ಸಾಲದ್ದಕ್ಕೆ ನೀರಿನ ಸದ್ದಿನಲ್ಲಿ ನಿಮ್ಮ ಕೂಗು ಯಾರಿಗೂ ಕೇಳುವುದಿಲ್ಲ.

ಈ ಹಳ್ಳದ ಸಲಹೆಯನ್ನು ನಾನು ಅದೇ ಜಾಗದಲ್ಲಿ ನಿಂತು ಕೇಳಿದ್ದೇನೆ. ಮಳೆಗಾಲ ಮುಗಿದ ಹೊಸತು. ಬಂಡಾಜೆ ನೋಡಿ ದುರ್ಗದ ಕಡೆ ಹಿಂತಿರುಗುತ್ತಿದ್ದೆವು. ಮಧ್ಯಾಹ್ನದ ಮೇಲೆ ಕರಾವಳಿ ಕಡೆಯಿಂದ ಮಂಜು ಏರಿ ಬಂದು ಏಣನ್ನು ನುಂಗಿತು. ಹುಲ್ಲಿನ ಗುಡ್ಡಗಳ ನಡುವಿನ ಕಣಿವೆಯ ದಟ್ಟ ಕಾಡಿಗೆ ಶೋಲಾ ಎನ್ನುತ್ತಾರೆ. ಅದರ ಒಳಗೆ ದಾರಿ ತಪ್ಪುವುದು ಕಷ್ಟ, ಏಕೆಂದರೆ ಅಲ್ಲಿರುವುದು ಸಾಮಾನ್ಯವಾಗಿ ಒಂದೇ ದಾರಿ. ತಪ್ಪುವುದು ಬಯಲು ಹುಲ್ಲಿನ ಗುಡ್ಡದಲ್ಲಿ. ದನ ಮೇಯಲು ಹೋದದ್ದು, ಕಾಟಿಗಳು (ಕಾಡುಕೋಣಗಳು) ನೀರಿಗೆ ಇಳಿದದ್ದು, ನಮ್ಮಂಥವರು ಫೋಟೋ ತೆಗೆಯಲು ಹೋದದ್ದು ಎಲ್ಲವೂ ಅಲ್ಲಿ ದಾರಿಯಾಗಿಯೇ ಉಳಿದಿರುತ್ತವೆ. ಒಂದು ಕಡೆ ದಾರಿ ಎರಡಾಯಿತು. ಒಂದು ಏರು, ಇನ್ನೊಂದು ಗುಡ್ಡದ ಪಕ್ಕೆಯಲ್ಲೇ ಸಮನಾಗಿ ಸಾಗುವಂಥದ್ದು. ದಣಿದ ಕಾಲುಗಳು ಸಮದಾರಿಯನ್ನೇ ಆರಿಸಿಕೊಂಡವು. ನಾನು ಕಂಡಂತೆ ಜನ ದಾರಿ ತಪ್ಪುವುದು ಹೆಚ್ಚಾಗಿ ಸುಲಭದ ಕಡೆಗೇ. ಕಡಿದಾದ ಏರನ್ನು ತಪ್ಪಿ ಹತ್ತಿದವರನ್ನು ನಾನು ಕಂಡಿಲ್ಲ.

ದಾರಿ ಬಹಳ ಚೆನ್ನಾಗಿತ್ತು, ಮೋಸ ಇದ್ದದ್ದು ಅಲ್ಲೇ. ಮಣ್ಣು ತುಳಿದು ನುಣುಪಾಗಿತ್ತು, ಅಗಲವಾಗಿತ್ತು. ಆದರೆ ಕಾಡಿನ ಅಂಚು ಹೊಕ್ಕ ಮೇಲೆ ಕಾಲಿಗೆ ಸಲೀಸಾಗಿದ್ದ ದಾರಿಯಲ್ಲಿ ಮುಖಕ್ಕೆ ಮಾತ್ರ ಕೊಂಬೆಗಳು ಹೊಡೆಯತೊಡಗಿದವು. ಮನುಷ್ಯರು ನಡೆಯುವ ದಾರಿಯಲ್ಲಿ ಮುಖದ ಮಟ್ಟದ ಕೊಂಬೆ ಮುರಿದಿರುತ್ತದೆ ಅಥವಾ ಕತ್ತಿಯಿಂದ ಸವರಿದ ಗುರುತಿರುತ್ತದೆ. ಇಲ್ಲಿ ಅದಿರಲಿಲ್ಲ. ಸ್ವಲ್ಪ ಮುಂದೆ ಕಾಟಿಯ ಸಗಣಿ, ಇನ್ನೂ ಹಸಿ. ಬೆಳಗ್ಗಿನಿಂದ ಚಾರಣಿಗರ ಕಸವನ್ನು ಬೈಯುತ್ತಲೇ ಬಂದಿದ್ದ ನಾವು, ಆ ಹೊತ್ತಿನಲ್ಲಿ ಒಂದು ಬಿಸ್ಕತ್ತಿನ ಖಾಲಿ ಪೊಟ್ಟಣ ಕಂಡಿದ್ದರೂ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು.

ಆಗಲೇ ಒಬ್ಬನಿಗೆ ಕೆಳಗೆ ನೀರಿನ ಸದ್ದು ಕೇಳಿದ್ದು. ‘ಹಳ್ಳ ಇದೆ, ಇಳಿಯೋಣ’ ಎಂದ. ನಮ್ಮ ಜೊತೆ ಮೂಡಿಗೆರೆ ಕಡೆಯ ಹಿರಿಯರೊಬ್ಬರಿದ್ದರು. ಅವರು ಜಗಳವಾಡಲಿಲ್ಲ, ಒಂದು ಕಲ್ಲಿನ ಮೇಲೆ ಕುಳಿತು ಕಾಲಿನ ಇಂಬಳ ಕೀಳುತ್ತಾ, ‘ನೀನು ಇಳಿ ಮಾರಾಯ, ನಾಳೆ ಬೆಳ್ತಂಗಡಿಯವರಿಗೆ ಹೇಳಿ ಹುಡುಕಿಸುತ್ತೇವೆ’ ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು. ನಮ್ಮದೇ ಬೂಟಿನ ಗುರುತು ನೋಡಿಕೊಂಡು ಕವಲಿನವರೆಗೆ ಹಿಂದಕ್ಕೆ ನಡೆದು, ಅಲ್ಲೇ ಕುಳಿತೆವು. ಸಾಕಷ್ಟು ಹೊತ್ತಾದ ಮೇಲೆ ಮಂಜು ಒಂದು ಗಳಿಗೆ ಸರಿದಾಗ ಕೋಟೆಯ ಗೋಡೆ ಕಂಡಿತು, ನಾವು ಊಹಿಸಿದ್ದ ದಿಕ್ಕಿಗೆ ಪೂರಾ ಅಡ್ಡವಾಗಿ. ಕಾಲಭೈರವೇಶ್ವರ ದೇವಸ್ಥಾನದ ಹತ್ತಿರ ಇಳಿಯುವಷ್ಟರಲ್ಲಿ ಟಾರ್ಚ್ ಬೇಕಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಇಳಿಯಬೇಡಿ, ಹಿಂದಕ್ಕೆ ಹೋಗಿ. ‘ಇದು ಖಂಡಿತ ಸರಿಯಾದ ದಾರಿ’ ಎಂದು ಎಲ್ಲರೂ ಒಪ್ಪುವ ಕೊನೆಯ ಜಾಗದವರೆಗೆ. ‘ಇನ್ನೊಂದು ಸ್ವಲ್ಪ ಮುಂದೆ ನೋಡೋಣ’ ಎಂದು ಯಾರಾದರೂ ಎರಡನೆಯ ಸಲ ಹೇಳಿದರೆ ಅದನ್ನೇ ಹಿಂತಿರುಗುವ ಸೂಚನೆ ಎಂದುಕೊಳ್ಳಿ. ದಾರಿ ಹುಡುಕಲೆಂದು ಗುಂಪನ್ನು ಮಾತ್ರ ಒಡೆಯಬೇಡಿ. ಆಮೇಲೆ ದಾರಿಯನ್ನೂ ಹುಡುಕಬೇಕು, ಹೋದವರನ್ನೂ ಹುಡುಕಬೇಕು. ಹೋಗುವಾಗಲೇ ಪ್ರತಿ ಕವಲಿನಲ್ಲಿ ಒಮ್ಮೆ ತಿರುಗಿ ನೋಡಿಕೊಳ್ಳಿ, ಅದೇ ಗುಡ್ಡ ಬರುವಾಗ ಬೇರೆಯದೇ ಗುಡ್ಡದಂತೆ ಕಾಣುತ್ತದೆ.

ಮೊಬೈಲ್ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯಿದೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಇಲ್ಲದಿರುವುದು ನಕ್ಷೆ. ಅದನ್ನು ಮನೆಯಲ್ಲೇ ಇಳಿಸಿಕೊಂಡು, ಹತ್ತುವಾಗಿನಿಂದಲೇ ನಡೆದ ಜಾಡು ದಾಖಲಾಗುವಂತೆ ಮಾಡಿ. ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಬ್ಯಾಟರಿ ಬೇಗ ಬರಿದಾಗುತ್ತದೆ, ಆದ್ದರಿಂದ ಏರೋಪ್ಲೇನ್ ಮೋಡ್‌ನಲ್ಲಿಡಿ. ಏಣಿನ ಮೇಲೆ ಆ ಮೋಡ್ ತೆಗೆದು ನೋಡಿ, ಒಂದೆರಡು ಕಡ್ಡಿ ಸಿಗ್ನಲ್ ಬಂದರೆ ತುರ್ತು ಸಹಾಯದ 112ಕ್ಕೆ ಕರೆ ಮಾಡಿ. ಕರೆ ಹೋಗದಿದ್ದರೆ ಊರಿನಲ್ಲಿರುವ ಯಾರಿಗಾದರೂ ನೀವಿರುವ ಅಕ್ಷಾಂಶ ರೇಖಾಂಶಗಳನ್ನು ಎಸ್ಸೆಮ್ಮೆಸ್ ಮಾಡಿ. ಮಾತು ಹೋಗದ ಕಡೆ ಸಂದೇಶ ಹೋಗುವುದುಂಟು.

ಕತ್ತಲಾಗಿಬಿಟ್ಟರೆ ನಡೆಯಬೇಡಿ. ನಮ್ಮ ಕಡೆ ಮುಸ್ಸಂಜೆ ಬಹಳ ಹೊತ್ತು ಉಳಿಯುವುದಿಲ್ಲ. ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಶೋಲಾದೊಳಗೆ ನಿಮ್ಮ ಕೈಯೇ ನಿಮಗೆ ಕಾಣದು. ಗಾಳಿಗೆ ಮರೆಯಾದ ಜಾಗ ನೋಡಿ ಕೂರಿ, ಆದರೆ ನೀರಿನ ಪಕ್ಕ ಬೇಡ. ರಾತ್ರಿ ಅಲ್ಲಿಗೆ ಬರುವವರು ಬೇರೆ. ಒದ್ದೆ ಬಟ್ಟೆಗೆ ಗಾಳಿ ಸೇರಿದರೆ ಮಲೆನಾಡಿನ ಚಳಿಯೂ ಮೈಯನ್ನು ಮರಗಟ್ಟಿಸುತ್ತದೆ, ಒಣಗಿದ ಒಂದು ಜೊತೆ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿರಲಿ. ಒಂದು ಸೀಟಿಯೂ ಇರಲಿ. ಮೂರು ಬಾರಿ ಊದಿ, ನಿಲ್ಲಿಸಿ ಕಿವಿಗೊಡಿ, ಮತ್ತೆ ಊದಿ. ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ.

ಇನ್ನು ನಿಮ್ಮ ಡಿಸೆಂಬರ್ ಯೋಜನೆ. ತಿಂಗಳು ಒಳ್ಳೆಯದೇ, ಬಂಡಾಜೆಯಲ್ಲಿ ಇನ್ನೂ ನೀರಿರುತ್ತದೆ, ಇಂಬಳ ಕಡಿಮೆ. ಆದರೆ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ಸ್ಥಳೀಯ ಮಾರ್ಗದರ್ಶಿಯ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಅವರಿಗೆ ಬೆಳಿಗ್ಗೆಯೇ ಹೇಳಿಬಿಡಿ: ಜಲಪಾತ ಸಿಗಲಿ ಬಿಡಲಿ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದಲೇ ಹಿಂದಕ್ಕೆ.